ಖಾಲಿ ಗಾಡಿಯ ತೂಕ

ಸಿಮೆಂಟಿನ ಗೋದಾಮುಗಳು ಸಾಲಾಗಿ ನಿಂತ ರಸ್ತೆಯ ತುದಿಯಲ್ಲಿ ಲಾರಿಗಳನ್ನು ತೂಗುವ ಒಂದು ಕಾಟಾ ಇತ್ತು. ನೆಲದ ಮಟ್ಟಕ್ಕೆ ಹಾಸಿದ ಉದ್ದನೆಯ ಕಬ್ಬಿಣದ ಹಲಗೆ, ಅದರ ಪಕ್ಕಕ್ಕೆ ಕಿರಿದಾದ ಮೆಟ್ಟಿಲು, ಮೆಟ್ಟಿಲ ಮೇಲೊಂದು ಗಾಜಿನ ಕಿಟಕಿಯ ಕೋಣೆ. ಆ ಕೋಣೆಯಲ್ಲಿ ಕೂತು ತೂಕದ ಚೀಟಿ ಹರಿದುಕೊಡುತ್ತಿದ್ದ ಹೆಂಗಸನ್ನು ಡ್ರೈವರುಗಳು ಕಾಟಾ ಅಕ್ಕ ಎಂದು ಕರೆಯುತ್ತಿದ್ದರು. ಅವಳ ಮೇಲೆ ಸಿಟ್ಟು ಬಂದವರು ಅದನ್ನೇ ಚೂರು ತಿರುಚಿ "ಕಾಟದ ಅಕ್ಕ" ಎನ್ನುತ್ತಿದ್ದರು. ಎರಡನ್ನೂ ಅವಳು ಒಂದೇ ಮುಖದಲ್ಲಿ ಕೇಳಿಸಿಕೊಳ್ಳುತ್ತಿದ್ದಳು.

ಸಿಟ್ಟು ಬರಲು ಕಾರಣವಿತ್ತು. ಹೆಚ್ಚು ಸರಕು ಹೇರಿಕೊಂಡು ಬಂದ ಡ್ರೈವರೊಬ್ಬ ಕಿಟಕಿಯ ಕೆಳಗೆ ನಿಂತು ಮೆತ್ತಗೆ ಕೇಳುತ್ತಿದ್ದ. "ಅಕ್ಕಾ, ಸ್ವಲ್ಪ ನೋಡಿ ಬರೀರಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು, ಆ ಥರ."

"ಹಾವೂ ನಂದಲ್ಲ, ಕೋಲೂ ನಂದಲ್ಲ. ತೂಕ ಇಷ್ಟು. ಚೀಟಿ ಹಿಡಿ, ಹಿಂದೆ ಗಾಡಿ ಕಾಯ್ತಿದೆ."

ಕಡ್ಡಿ ತುಂಡು ಮಾಡಿದ ಹಾಗೆ ಅಷ್ಟೇ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆಯನ್ನು ಡ್ರೈವರುಗಳು ಅವಳಿಗೆ ಎಷ್ಟೋ ಸಲ ಕೇಳಿಸಿದ್ದರು. "ಒದೆಯೋಕೆ ಮೊದಲು ಮೆಟ್ಲು ಹತ್ತಿ ಬರಬೇಕಲ್ಲ" ಎಂದು ಅವಳು ನಗುತ್ತಿದ್ದಳು.

ಅವಳ ಮೈಯ ಬಗ್ಗೆಯೂ ಮಾತು ಬರುತ್ತಿತ್ತು. ಅವಳು ತುಂಬಾ ದಪ್ಪಗಿದ್ದಳು. ಕೋಣೆಯ ಕುರ್ಚಿಗೆ ಕೈಗಳಿರಲಿಲ್ಲ. ಮೊದಲಿದ್ದ ಕೈಗಳ ನಡುವೆ ಅವಳು ಹಿಡಿಸದೆ ಮಾಲೀಕರೇ ಗರಗಸ ತರಿಸಿ ಅವನ್ನು ಕೊಯ್ಯಿಸಿದ್ದರು. "ಅಕ್ಕಾ, ನೀವೊಂದು ಸಲ ಹಲಗೆ ಮೇಲೆ ನಿಂತ್ಕೊಳ್ಳಿ, ಕಾಟಾ ಸರಿ ಇದೆಯಾ ನೋಡೋಣ" ಎಂದು ಯಾರಾದರೂ ಹೊಸಬ ಅಂದರೆ, "ನಿಂತ್ಕೋತೀನಿ, ಆಮೇಲೆ ನಿನ್ನ ಗಾಡಿಗೆ ಜಾಗ ಸಾಲದೆ ಹೋದೀತು" ಎಂದು ಅವನಿಗಿಂತ ಮೊದಲು ತಾನೇ ನಗುತ್ತಿದ್ದಳು. ಅವನು ಹೋದ ಮೇಲೆ ಕಿಟಕಿಯ ಗಾಜು ಎಳೆದುಕೊಳ್ಳುತ್ತಿದ್ದಳು.

ಚಿಕ್ಕಂದಿನಿಂದಲೂ ಅವಳದ್ದು ಹಾಗೇ ಬಂದ ಮೈ. ತಾಯಿಯದ್ದೂ ಅದೇ, ತಂಗಿಯದ್ದೂ ಅದೇ. "ನಮ್ಮ ಮನೇಲಿ ಗಾಳಿ ಕುಡಿದ್ರೂ ಮೈ ಬರುತ್ತೆ" ಎಂದು ತಾಯಿ ಹೇಳುತ್ತಿದ್ದಳು. ಆ ತಾಯಿ ಒಂದು ಬೆಳಿಗ್ಗೆ ಬಟ್ಟೆ ಒಗೆಯುತ್ತ ಒಗೆಯುತ್ತ ಬಕೆಟ್ಟಿನ ಮೇಲೆ ವಾಲಿದವಳು ಮತ್ತೆ ಏಳಲಿಲ್ಲ; ಮಿದುಳಿನ ರಕ್ತನಾಳ ಕಟ್ಟಿಕೊಂಡಿತ್ತು. ಆಗ ದೊಡ್ಡವಳಿಗೆ ಕೆಲಸಕ್ಕೆ ಸೇರುವ ವಯಸ್ಸು, ಚಿಕ್ಕವಳಿಗೆ ಶಾಲೆ. ತಂಗಿಯನ್ನು ಓದಿಸಿದ್ದು, ಹೊಲಿಗೆ ಕಲಿಸಿದ್ದು, ಲಾರಿ ಮೆಕ್ಯಾನಿಕ್ ಒಬ್ಬನನ್ನು ನೋಡಿ ಮದುವೆ ಮಾಡಿದ್ದು, ಎಲ್ಲವೂ ಅಕ್ಕನೇ. ಅಕ್ಕನನ್ನು ನೋಡಲು ಬಂದ ಗಂಡುಗಳು ಚಹಾ ಕುಡಿದು, ಆಮೇಲೆ ತಿಳಿಸ್ತೀವಿ ಎಂದು ಹೇಳಿ ಹೋದವರು ತಿಳಿಸಲೇ ಇಲ್ಲ. ಮೂರನೆಯವನು ಹೋದ ಮೇಲೆ ಅವಳು ಆ ಮಾತನ್ನೇ ನಿಲ್ಲಿಸಿಬಿಟ್ಟಳು.

ಮದುವೆಯಾದ ಮೇಲೂ ತಂಗಿ ಅದೇ ಮನೆಯಲ್ಲಿ ಉಳಿದಳು. ಮೂರು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ತಂಗಿಯ ಹೊಲಿಗೆ ಮೆಷಿನ್ನು, ಮಗ್ಗುಲಿಗೆ ಅಕ್ಕನ ಮಂಚ, ಹಿಂದೆ ಗಂಡ ಹೆಂಡತಿ ಮಗಳು. ವರ್ಷಕ್ಕೊಂದು ಸಲ ತಂಗಿ ಅಕ್ಕನ ಬಟ್ಟೆಗಳ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಿದ್ದಳು. ಬಿಚ್ಚಲು ಬಟ್ಟೆ ಉಳಿಯದಿದ್ದಾಗ ಬೇರೆ ಬಟ್ಟೆಯ ಪಟ್ಟಿ ಸೇರಿಸುತ್ತಿದ್ದಳು.

ಡಾಕ್ಟರಮ್ಮ ಈ ಮನೆಯ ಬದುಕಿನೊಳಗೆ ಬಂದದ್ದು ತಂಗಿಯ ತಲೆನೋವಿನಿಂದ. ಸರ್ಕಾರಿ ಆಸ್ಪತ್ರೆಗೆ ತೋರಿಸಲು ಹೋದವಳಿಗೆ ಅಲ್ಲೊಬ್ಬ ಯುವ ಡಾಕ್ಟರಮ್ಮ ಸಿಕ್ಕಳು. ಮೈ ಹೆಚ್ಚಿರುವ, ಆದರೆ ಇನ್ನೂ ಸಕ್ಕರೆ ಕಾಯಿಲೆ ಬಂದಿರದ ಹೆಂಗಸರನ್ನು ಅವಳು ಒಂದು ಸಂಶೋಧನೆಗೆ ಹುಡುಕುತ್ತಿದ್ದಳು. "ನಮ್ಮಕ್ಕನೂ ಇದಾಳೆ, ನನ್ನ ಡಬಲ್ಲು" ಎಂದಳು ತಂಗಿ. ಮುಂದಿನ ವಾರ ಇಬ್ಬರೂ ಹೋದರು.

ಪರೀಕ್ಷೆ ವಿಚಿತ್ರವಾಗಿತ್ತು. ಕತ್ತಲು ಮಾಡಿದ ಸಣ್ಣ ಕೋಣೆಯಲ್ಲಿ ಮಲಗಿಸಿ, ರಕ್ತದೊತ್ತಡ ನೋಡುವ ಪಟ್ಟಿಯನ್ನು ಮುಂಗೈಗೆ ಸುತ್ತಿ, ರಕ್ತ ನಿಲ್ಲುವಷ್ಟು ಬಿಗಿ ಮಾಡಿ, ಜೋಮು ಹಿಡಿಯುವ ತನಕ ಬಿಟ್ಟು, ಆಮೇಲೆ ಒಮ್ಮೆಲೇ ಸಡಿಲಿಸುತ್ತಿದ್ದರು. ಮೊಣಕೈಯ ಮೇಲೆ ತಣ್ಣನೆಯ ಜೆಲ್ಲು ಹಚ್ಚಿ, ಒಳಗಿನ ರಕ್ತನಾಳವನ್ನು ಪರದೆಯ ಮೇಲೆ ನೋಡುತ್ತಿದ್ದರು. ಎರಡು ಬಿಳಿ ಗೆರೆ, ನಡುವೆ ಕಪ್ಪು.

"ರಕ್ತನಾಳ ಅಂದ್ರೆ ಬರೀ ಪೈಪಲ್ಲ" ಎಂದು ಡಾಕ್ಟರಮ್ಮ ವಿವರಿಸಿದಳು. "ಅದರ ಒಳಗೋಡೆಗೆ ಜೀವ ಇದೆ. ತಡೆದಿಟ್ಟ ರಕ್ತ ಜೋರಾಗಿ ನುಗ್ಗಿದಾಗ ಅದು ತಾನಾಗೇ ಸಡಿಲ ಆಗಿ ಅಗಲ ಆಗ್ಬೇಕು. ನಿಮ್ಮಿಬ್ಬರದ್ದೂ ಸರಿಯಾಗಿ ಆಗ್ತಿಲ್ಲ. ದೊಡ್ಡವರದ್ದು ಅಲುಗಾಡ್ತಾನೇ ಇಲ್ಲ."

"ಯಾಕೆ?"

"ಕೊಬ್ಬು ಅತಿಯಾದ್ರೆ ಅದು ತೆಪ್ಪಗೆ ಕೂರಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಸೋದು ಗಾಳಿಯಲ್ಲಿರೋ ಆಮ್ಲಜನಕ, ಅಲ್ವಾ? ಅದೇ ಆಮ್ಲಜನಕದಿಂದ ಮೈಯೊಳಗೂ ಸುಡೋ ಥರದ ಕಣಗಳು ಹುಟ್ತವೆ. ಎಲ್ಲರಲ್ಲೂ ಹುಟ್ತವೆ, ಮೈ ಅದನ್ನ ಆರಿಸ್ತಾ ಇರುತ್ತೆ. ಕೊಬ್ಬು ಹೆಚ್ಚಾದ್ರೆ ಹುಟ್ಟೋದು ಜಾಸ್ತಿ, ಆರಿಸೋದು ಕಮ್ಮಿ. ನಾಳಾನ ಸಡಿಲ ಮಾಡೋ ವಸ್ತುವನ್ನೇ ಅವು ತಿಂದು ಹಾಕ್ತವೆ. ವ್ಯಾಯಾಮ ಮಾಡಿದ್ರೆ ಆ ಆರಿಸೋ ಶಕ್ತಿ ಹೆಚ್ಚುತ್ತಾ, ತೂಕ ಇಳೀದೇ ಇದ್ರೂ ನಾಳ ಸುಧಾರಿಸುತ್ತಾ, ಅದನ್ನೇ ನಾವು ನೋಡ್ತಿರೋದು."

ಅದಕ್ಕೆ ಎರಡು ಗುಂಪು ಬೇಕಿತ್ತು. ಒಂದು ಗುಂಪಿನವರು ಆರು ತಿಂಗಳು ಆಸ್ಪತ್ರೆಗೆ ಬಂದು ನಿಂತಲ್ಲೇ ನಿಲ್ಲುವ ಸೈಕಲ್ ತುಳಿಯಬೇಕು. ಇನ್ನೊಂದು ಗುಂಪಿನವರು ಈಗ ಹೇಗಿದ್ದಾರೋ ಹಾಗೇ ಇರಬೇಕು. ಹೊಸದಾಗಿ ವ್ಯಾಯಾಮ, ಪಥ್ಯ ಯಾವುದೂ ಮಾಡಬಾರದು. ಮುಗಿದ ಮೇಲೆ ಅವರಿಗೂ ಅದೇ ತರಬೇತಿ. ಯಾರು ಯಾವ ಗುಂಪಿಗೆ ಎನ್ನುವುದು ಮುಚ್ಚಿದ ಲಕೋಟೆಯಲ್ಲಿತ್ತು. ತಂಗಿಯ ಲಕೋಟೆಯಲ್ಲಿ ಸೈಕಲ್ ಬಂತು. ಅಕ್ಕನದರಲ್ಲಿ ಹಾಗೇ ಇರುವುದು.

ತಂಗಿಯ ಮುಖ ಇಳಿದುಹೋಯಿತು. "ಮೇಡಂ, ಅದಲು ಬದಲು ಮಾಡಿ. ಅಕ್ಕಂಗೇ ಜಾಸ್ತಿ ಬೇಕಾಗಿರೋದು. ನಾನು ಆಮೇಲೆ ಮಾಡ್ತೀನಿ."

"ನಾವೇ ಆಯ್ಕೆ ಮಾಡಿದ್ರೆ ಲೆಕ್ಕ ಕೆಟ್ಟುಹೋಗುತ್ತೆ ಅಮ್ಮ" ಎಂದು ಡಾಕ್ಟರಮ್ಮ ಸಂಕೋಚದಿಂದ ಹೇಳಿದಳು. "ಇಷ್ಟ ಇಲ್ಲ ಅಂದ್ರೆ ಅಕ್ಕ ಬಿಡಬಹುದು, ಯಾವಾಗ ಬೇಕಾದ್ರೂ. ಬಲವಂತ ಏನಿಲ್ಲ."

ಅಕ್ಕ ಆಗಲೇ ತಲೆಯಾಡಿಸುತ್ತಿದ್ದಳು. ಅವಳಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ. "ಲಾರಿಯನ್ನ ಮೊದಲು ಖಾಲಿ ತೂಗ್ತೀವಿ, ಆಮೇಲೆ ತುಂಬಿದ್ದನ್ನ ತೂಗ್ತೀವಿ" ಎಂದಳು ತಂಗಿಗೆ. "ಖಾಲಿ ಗಾಡಿ ತೂಕ ಇಲ್ದಿದ್ರೆ ಸರಕು ಎಷ್ಟು ಅಂತ ಹೇಗೆ ಗೊತ್ತಾಗುತ್ತೆ? ನೀನು ತುಂಬಿದ ಗಾಡಿ, ನಾನು ಖಾಲಿ ಗಾಡಿ. ಆರು ತಿಂಗಳು ತಾನೆ, ಇರ್ತೀನಿ ಬಿಡು."

ಡಾಕ್ಟರಮ್ಮ ನಕ್ಕುಬಿಟ್ಟಳು. ಎಷ್ಟೋ ಜನಕ್ಕೆ ಅರ್ಧ ಗಂಟೆ ಹೇಳಿದರೂ ತಿಳಿಯದಿದ್ದದ್ದು ಇವಳಿಗೆ ತಿಳಿದಿತ್ತು. ಹೊರಡುವಾಗ ಎಚ್ಚರಿಕೆಯನ್ನೂ ಹೇಳಿದಳು. "ಎದೆ ನೋವು ಬಂದ್ರೆ ಮಾತ್ರ ಸಂಶೋಧನೆ ಗಿಂಶೋಧನೆ ಅಂತ ನೋಡ್ಬೇಡಿ. ತಕ್ಷಣ ಬಂದುಬಿಡಿ."

"ಬರ್ತೀನಿ" ಎಂದಳು ಅಕ್ಕ.

ತಂಗಿಗೆ ಮೊದಲ ವಾರಗಳು ನರಕವಾಗಿದ್ದವು. ಸೈಕಲಿನ ಸೀಟು ಒತ್ತಿ ತೊಡೆ ಕಂದುತ್ತಿತ್ತು. ಮನೆಗೆ ಬಂದು ಮೆಷಿನ್ನಿನ ಮೇಲೆ ತಲೆಯಿಟ್ಟು, "ಯಾವ ಜನ್ಮದ ಪಾಪವೋ, ತುಳಿದಿದ್ದೇ ತುಳಿದಿದ್ದು, ಒಂದು ಗೇಣೂ ಮುಂದೆ ಹೋಗಲ್ಲ" ಎನ್ನುತ್ತಿದ್ದಳು. ಆಮೇಲೆ ನಿಧಾನವಾಗಿ ಅಭ್ಯಾಸವಾಯಿತು. ತರಕಾರಿ ಚೀಲ ಹಿಡಿದು ಮಾರ್ಕೆಟ್ಟಿನಿಂದ ಒಂದೇ ಉಸಿರಿಗೆ ಬರತೊಡಗಿದಳು. ತೂಕ ಮಾತ್ರ ಇದ್ದಲ್ಲೇ ಇತ್ತು. ಗಂಡ ರೇಗಿಸುತ್ತಿದ್ದ. "ಇಷ್ಟು ಪೆಡಲ್ ತುಳಿದಿದ್ರೆ ಪಕ್ಕದೂರಿಗೆ ಹೋಗಿ ಬರಬಹುದಿತ್ತು. ಕಣ್ಣಿಗೆ ಕಾಣೋ ಹಾಗೆ ಏನಾಯ್ತು?"

"ಕಣ್ಣಿಗೆ ಕಾಣೋ ಜಾಗದಲ್ಲಲ್ಲ ಆಗ್ತಿರೋದು" ಎಂದು ಅವಳು ಡಾಕ್ಟರಮ್ಮನ ಮಾತನ್ನೇ ಒಪ್ಪಿಸಿದಳು. ಮೂರು ತಿಂಗಳ ಪರೀಕ್ಷೆಯಲ್ಲಿ ಪರದೆಯ ಮೇಲಿನ ಎರಡು ಗೆರೆಗಳು ದೂರ ಸರಿದದ್ದನ್ನು ಅವಳೇ ನೋಡಿದ್ದಳು.

ಅದೇ ದಿನ ಅಕ್ಕನದ್ದೂ ನೋಡಿದರು. ಗೆರೆಗಳು ಇದ್ದಲ್ಲೇ ಇದ್ದವು.

ಆವತ್ತಿನಿಂದ ತಂಗಿಗೆ ಮನಸ್ಸು ತಡೆಯದಾಯಿತು. ಸಂಜೆ ಅಕ್ಕ ಕೆಲಸ ಮುಗಿಸಿ ಬಂದ ಕೂಡಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಬಾ, ಒಂದು ಸುತ್ತು ಹೋಗಿ ಬರೋಣ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ."

"ಊರಲ್ಲಿ ಎಲ್ಲರೂ ನಡೀತಾರೆ. ನೀನೊಬ್ಬಳು ನಡೆದ್ರೆ ಆಕಾಶ ಕಳಚಿ ಬೀಳುತ್ತಾ?"

"ಮಾತು ಕೊಟ್ಟಿದೀನಿ ಕಣೆ. ಬಿಡೋದಾದ್ರೆ ಬಿಡ್ತೀನಿ ಅಂತ ಹೇಳಿ ಬಿಡ್ಬೇಕು. ಇರ್ತೀನಿ ಅಂತ ಹೇಳಿ ಕದ್ದು ನಡೆಯೋದು ಎಂಥದ್ದು?"

"ಹಾಗಾದ್ರೆ ಹೇಳಿ ಬಿಡು!"

"ಅರ್ಧ ದಾರಿ ಆಗಿದೆ. ಈಗ ಬಿಟ್ರೆ ಇಷ್ಟು ದಿನ ಇದ್ದಿದ್ದೂ ದಂಡ."

ಹೊಲಿಗೆಯ ಕತ್ತರಿಯನ್ನು ಮೇಜಿಗೆ ಕುಕ್ಕಿ ತಂಗಿ ಒಳಗೆ ಹೋದಳು. ಎರಡು ದಿನ ಮಾತಿಲ್ಲ, ಕತೆಯಿಲ್ಲ. ಮೂರನೆಯ ದಿನ ತಂಗಿಯ ಮಗಳು ನಡುವೆ ನಿಂತು, "ದೊಡ್ಡಮ್ಮ, ಅಮ್ಮ ಕೇಳ್ತಿದಾಳೆ, ಊಟಕ್ಕೆ ಬರ್ತೀಯಾ ಅಂತ. ಅಮ್ಮ, ದೊಡ್ಡಮ್ಮ ಹೇಳ್ತಿದಾಳೆ, ಬರ್ತೀನಿ ಅಂತ" ಎಂದು ಇಬ್ಬರ ಪರವಾಗಿಯೂ ತಾನೇ ಮಾತಾಡಿ ನಗಿಸಿದಳು.

ಮಳೆಗಾಲ ಕಳೆಯುವ ಹೊತ್ತಿಗೆ ಅಕ್ಕನಿಗೆ ಹಲ್ಲುನೋವು ಶುರುವಾಯಿತು. ಎಡಗಡೆ ಕೆಳದವಡೆಯಲ್ಲಿ, ಯಾರೋ ಒಳಗಿನಿಂದ ಹಿಂಡಿದ ಹಾಗೆ. ಕಾಟಾದ ಮೆಟ್ಟಿಲು ಹತ್ತುವಾಗ ಬರುತ್ತಿತ್ತು, ಕುರ್ಚಿಯಲ್ಲಿ ಕೂತು ನೀರು ಕುಡಿದರೆ ಹೋಗುತ್ತಿತ್ತು. ಬೆವರು, ಚೂರು ವಾಕರಿಕೆ. ಅವಳು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಹಲ್ಲಿನ ಡಾಕ್ಟರ ಹತ್ತಿರ ಹೋದಳು. ಅವರು ಬಡಿದು ನೋಡಿದರು. ದವಡೆ ಹಲ್ಲೊಂದರಲ್ಲಿ ಹಳೆಯ ಕುಳಿಯಿತ್ತು, ಕಿತ್ತರು. ಕೆನ್ನೆ ಊದಿಸಿಕೊಂಡು ಬಂದವಳಿಗೆ ತಂಗಿ ಗಂಜಿಯಂಥದ್ದನ್ನು ಕುಡಿಸಿದಳು.

ಗಾಯ ಮಾಗಿತು. ನೋವು ಹೋಗಲಿಲ್ಲ. ಹಲ್ಲಿಲ್ಲದ ಜಾಗದಲ್ಲೇ ಹಲ್ಲುನೋವು. "ಪಕ್ಕದ ಹಲ್ಲಿರಬೇಕು, ತಪ್ಪಿ ಬೇರೆದನ್ನ ಕಿತ್ತಿದಾರೆ" ಎಂದು ಅವಳು ಡ್ರೈವರುಗಳ ಹತ್ತಿರ ತಮಾಷೆ ಮಾಡಿದಳು. ಬೆಳಿಗ್ಗೆ ಮೆಟ್ಟಿಲ ನಡುವೆ ಕಂಬಿ ಹಿಡಿದು ನಿಲ್ಲತೊಡಗಿದಳು. ಕಾಯುವ ಲಾರಿಯವರು ಹಾರ್ನ್ ಹೊಡೆದರೆ, ಬಂದೆ ಎಂದು ಕೈ ಎತ್ತುತ್ತಿದ್ದಳು.

ಆರು ತಿಂಗಳು ಮುಗಿಯಲು ಇನ್ನೇನು ಸ್ವಲ್ಪವೇ ಉಳಿದಿತ್ತು. ಒಂದು ಮಧ್ಯಾಹ್ನ ಜಲ್ಲಿ ತುಂಬಿದ ಲಾರಿ ಹಲಗೆಯ ಮೇಲೆ ನಿಂತಿತ್ತು. ಚೀಟಿ ಬರಲಿಲ್ಲ. ಡ್ರೈವರ್ ಎರಡು ಸಲ ಕೂಗಿ, ಬಯ್ದುಕೊಂಡು ಮೆಟ್ಟಿಲು ಹತ್ತಿದ. ಕಾಟಾ ಅಕ್ಕ ಮೇಜಿನ ಮೇಲೆ ಬಗ್ಗಿದ್ದಳು. ಮುಖ ಬೂದಿಯ ಬಣ್ಣವಾಗಿತ್ತು, ಬೆನ್ನು ನೀರಲ್ಲಿ ಅದ್ದಿ ತೆಗೆದ ಹಾಗಿತ್ತು. ಎಚ್ಚರವಿತ್ತು. "ಹಲ್ಲು" ಎಂದಳು.

ಆಂಬುಲೆನ್ಸ್ ಬಂತು. ಆದರೆ ಅದರ ಸ್ಟ್ರೆಚರು ಆ ಕಿರಿದಾದ ಮೆಟ್ಟಿಲಲ್ಲಿ ತಿರುಗಲಿಲ್ಲ, ಅವಳು ಅದರಲ್ಲಿ ಹಿಡಿಸುವಂತೆಯೂ ಇರಲಿಲ್ಲ. ಕೊನೆಗೆ ಡ್ರೈವರುಗಳು ಲಾರಿಯ ಟಾರ್ಪಾಲಿನ್ ಬಿಚ್ಚಿ ತಂದರು. ಅದರಲ್ಲಿ ಅವಳನ್ನು ಮಲಗಿಸಿ, ಆರು ಜನ ಮೂಲೆ ಮೂಲೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸಿದರು. ಅವರಲ್ಲಿ ಅವಳನ್ನು ಕಾಟದ ಅಕ್ಕ ಎಂದವರೂ ಇದ್ದರು. "ಮೆಲ್ಲಗೆ, ಮೆಲ್ಲಗೆ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ನೋವಿಗೋ ನಾಚಿಕೆಗೋ, ಹೇಳುವುದು ಕಷ್ಟ.

ಹೃದಯಕ್ಕೆ ಹೋಗುವ ನಾಳ ಮುಚ್ಚಿತ್ತು. ಅದನ್ನು ತೆರೆಯುವಷ್ಟರಲ್ಲಿ ಹೃದಯದ ದೊಡ್ಡ ಭಾಗವೊಂದು ಸತ್ತುಹೋಗಿತ್ತು. ಜೀವ ಉಳಿಯಿತು.

ಸುದ್ದಿ ತಿಳಿದು ಡಾಕ್ಟರಮ್ಮ ವಾರ್ಡಿಗೆ ಓಡಿ ಬಂದಳು. ಅವಳನ್ನು ಕಂಡದ್ದೇ ತಂಗಿ ಎದ್ದು ನಿಂತಳು. "ನಿಮ್ಮ ಮಾತು ಕೇಳಿ ಕೂತಳಲ್ಲ! ನಡಿ ಅಂದ್ರೂ ನಡೀಲಿಲ್ಲ, ಕಾಲು ಹಿಡ್ಕೊಂಡ್ರೂ ನಡೀಲಿಲ್ಲ. ನಿಮ್ಮ ಲಕೋಟೆಗೆ ಬೆಂಕಿ ಬೀಳ!"

ಡಾಕ್ಟರಮ್ಮ ಗೋಡೆಗೆ ಒರಗಿ ನಿಂತಳು. "ನಡೆದಿದ್ರೆ ಇದು ತಪ್ತಿತ್ತಾ, ನನಗೆ ಗೊತ್ತಿಲ್ಲ" ಎಂದಳು. "ತಪ್ತಿರಲಿಲ್ಲ ಅಂತ ಹೇಳೋಕೂ ನನ್ನಿಂದ ಆಗಲ್ಲ. ಆದ್ರೆ ಆ ನೋವು ಶುರುವಾದಾಗಲೇ ಬಂದಿದ್ರೆ..." ಮಂಚದ ಕಡೆ ತಿರುಗಿ ಕೇಳಿದಳು. "ಯಾಕಮ್ಮ ಬರಲಿಲ್ಲ? ಬನ್ನಿ ಅಂದಿದ್ನಲ್ಲ?"

"ಎದೆ ನೋವು ಬಂದ್ರೆ ಬನ್ನಿ ಅಂದಿದ್ರಿ" ಎಂದಳು ಅಕ್ಕ, ಸಣ್ಣ ದನಿಯಲ್ಲಿ. "ನನಗೆ ಬಂದಿದ್ದು ದವಡೆ ನೋವು."

ಡಾಕ್ಟರಮ್ಮನ ಕಣ್ಣು ತುಂಬಿತು. "ಹೆಂಗಸರಿಗೆ ಹೀಗೂ ಬರುತ್ತೆ. ದವಡೆಗೆ, ಬೆನ್ನಿಗೆ, ಹೊಟ್ಟೆ ತೊಳಸಿದ ಹಾಗೆ. ಅದನ್ನ ನಾನು ಬಿಡಿಸಿ ಹೇಳ್ಬೇಕಿತ್ತು. ಹೇಳಲಿಲ್ಲ."

"ಅಳಬೇಡಿ" ಎಂದಳು ಅಕ್ಕ. "ಮುಂದಿನವರಿಗೆ ಹೇಳಿ." ತಂಗಿ ಅಕ್ಕನ ಮೇಲೂ ಸಿಟ್ಟಾಗಿ ಮುಖ ತಿರುಗಿಸಿದಳು.

ಮನೆಗೆ ಬಂದ ಮೇಲೆ ಅಕ್ಕ ಅರ್ಧ ಆಳಾಗಿದ್ದಳು. ಎರಡು ದಿಂಬು ಇಟ್ಟು ಒರಗದಿದ್ದರೆ ಉಸಿರು ಕಟ್ಟುತ್ತಿತ್ತು, ಸಂಜೆಯಾದರೆ ಪಾದ ಊದಿಕೊಳ್ಳುತ್ತಿತ್ತು. ಕಾಟಾಕ್ಕೆ ಬೇರೆ ಯಾರನ್ನೋ ಕೂರಿಸಿದ್ದರು. ಆದರೆ ಈಗ ಅವಳಿಗೂ ನಡೆಯಲು ಅಪ್ಪಣೆ ಸಿಕ್ಕಿತ್ತು. ಅಪ್ಪಣೆಯಷ್ಟೇ ಅಲ್ಲ, ಔಷಧಿಯ ಹಾಗೆ ಬರೆದುಕೊಟ್ಟಿದ್ದರು; ಮೊದಲು ಕೋಣೆಯೊಳಗೆ, ಆಮೇಲೆ ಅಂಗಳದ ತನಕ, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚು. ಡಾಕ್ಟರಮ್ಮ ತನ್ನ ರಜೆಯ ದಿನ ಬಂದು, ನಾಡಿ ಹಿಡಿದು, ಜೊತೆಗೆ ನಡೆದು ತೋರಿಸಿ ಹೋಗುತ್ತಿದ್ದಳು. ತಂಗಿ ಅವಳಿಗೆ ಕುರ್ಚಿ ಹಾಕುತ್ತಿದ್ದಳು, ಮಾತಾಡುತ್ತಿರಲಿಲ್ಲ.

ತಂಗಿಯ ಗಂಡ ಮೆಕ್ಯಾನಿಕ್ಕನೇ ಅತ್ತಿಗೆಗೆ ಬೂಟು ತಂದ. ಅವಳ ಅಳತೆಯ ಹೆಂಗಸರ ಬೂಟು ಸಿಗದೆ, ಗಂಡಸರದ್ದೇ ಅಗಲವಾದದ್ದೊಂದು. "ಅತ್ತಿಗೆ, ಟೈರ್ ಹೊಸದು. ಇನ್ನು ಗಾಡಿ ಓಡಬೇಕು ಅಷ್ಟೇ" ಎಂದ. ಬಗ್ಗಲಾಗದ ಅಕ್ಕನಿಗೆ ಲೇಸು ಕಟ್ಟುವುದು ತಂಗಿಯ ಕೆಲಸವಾಯಿತು.

ಆ ಕೆಲವು ವಾರ ಅಕ್ಕ ಮಗುವಿನ ಹಾಗೆ ಖುಷಿಯಾಗಿದ್ದಳು. ಇಡೀ ಬದುಕಿನಲ್ಲಿ ಯಾರೂ ಅವಳನ್ನು ನಡೆದದ್ದಕ್ಕೆ ಹೊಗಳಿರಲಿಲ್ಲ. ಒಂದು ದಿನ ಗೇಟಿನ ತನಕ, ಇನ್ನೊಂದು ವಾರ ಬೀದಿಯ ಮೂಲೆಯ ಅಂಗಡಿಯ ತನಕ. ಅಂಗಡಿಯವನು ಸ್ಟೂಲು ಹಾಕಿಕೊಡುತ್ತಿದ್ದ. ಕೂತು ಉಸಿರು ಸುಧಾರಿಸಿಕೊಂಡು, ಹೋಗುವ ಬರುವ ಲಾರಿಗಳನ್ನು ನೋಡಿ, "ಅವನು ಜಾಸ್ತಿ ಹೇರಿದಾನೆ ನೋಡು, ಹಿಂದಿನ ಟೈರು ನೋಡಿದ್ರೇ ಗೊತ್ತಾಗುತ್ತೆ" ಎಂದು ತಂಗಿಗೆ ತೋರಿಸುತ್ತಿದ್ದಳು.

ಆ ದಿನ ಬೆಳಿಗ್ಗೆ ಇಬ್ಬರಿಗೂ ಸಣ್ಣ ಜಗಳವಾಗಿತ್ತು. ಮಾತ್ರೆ ನುಂಗಿ ಲೋಟವನ್ನು ಹೊಲಿಯುತ್ತಿದ್ದ ಬಟ್ಟೆಯ ಮೇಲೆ ಇಟ್ಟಳೆಂದು ತಂಗಿ ಗೊಣಗಿದ್ದಳು. ಗಿರಾಕಿಯ ಬಟ್ಟೆ, ಒದ್ದೆಯಾಗಿತ್ತು. "ಆಯ್ತು ಮಾರಾಯ್ತಿ, ಒಣಗುತ್ತೆ" ಎಂದು ಅಕ್ಕ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು. ತಂಗಿ ಮುಖ ಗಂಟು ಹಾಕಿಕೊಂಡೇ ನೆಲದ ಮೇಲೆ ಕೂತು ಬಲಗಾಲಿಗೆ ಬೂಟು ಹಾಕಿ ಲೇಸು ಬಿಗಿದಳು. ಎಡಗಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಅಂದು ಬೆಳಿಗ್ಗೆಯೇ ಪಾದ ಊದಿತ್ತು, ಬೂಟಿನೊಳಗೆ ಹೋಗಲಿಲ್ಲ. "ಚೂರು ಒತ್ತು" ಎಂದಳು. ಅಕ್ಕ ಒತ್ತಲಿಲ್ಲ. "ಒತ್ತು ಅಂದೆನಲ್ಲ." ಅಷ್ಟರಲ್ಲಿ ತೊಡೆಯ ಮೇಲಿನ ಕಾಲು ಭಾರವಾಯಿತು. ತಲೆಯೆತ್ತಿ ನೋಡುವ ಮೊದಲೇ ಅವಳಿಗೆ ತಿಳಿಯಿತು. ಆದರೂ ಲೇಸಿನ ತುದಿಯನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು, ತಲೆಯೆತ್ತದೆ.

ಮಣ್ಣು ಮಾಡಿದ ದಿನ ಗೋದಾಮಿನ ರಸ್ತೆಯ ಲಾರಿಗಳು ಬಹಳ ಹೊತ್ತು ನಿಂತಲ್ಲೇ ನಿಂತವು. ಹೊರಲು ಜನ ಸಾಲುತ್ತಾರೋ ಇಲ್ಲವೋ ಎಂದು ಮೆಕ್ಯಾನಿಕ್ಕನಿಗೆ ಒಳಗೊಳಗೇ ಅಳುಕಿತ್ತು. ಡ್ರೈವರುಗಳು ಸರದಿಯ ಮೇಲೆ ಹೆಗಲು ಬದಲಾಯಿಸಿದರು.

ತಂಗಿ ಆಸ್ಪತ್ರೆಗೆ ಹೋಗುವುದನ್ನು ಅಕ್ಕ ಬಿದ್ದ ದಿನವೇ ನಿಲ್ಲಿಸಿದ್ದಳು. ಕೊನೆಯ ಪರೀಕ್ಷೆ ಬಾಕಿಯಿತ್ತು. ಸೈಕಲ್ ತುಳಿಯುವುದು ಬಿಟ್ಟು ಇಷ್ಟು ದಿನವಾದ ಮೇಲೆ ಅದರ ಫಲ ಉಳಿದಿರುತ್ತದೋ ಇಲ್ಲವೋ, ನೋಡಿದ್ದನ್ನು ನೋಡಿದ ಹಾಗೆ ಬರೆದುಕೊಳ್ಳುತ್ತೇವೆ, ಒಂದು ಸಲ ಬನ್ನಿ ಎಂದು ಡಾಕ್ಟರಮ್ಮ ಫೋನಿನಲ್ಲಿ ಕೇಳಿಕೊಂಡಳು. ತಂಗಿ ಮೊದಲು ಆಗಲ್ಲ ಎಂದಳು. ಎರಡು ವಾರ ಬಿಟ್ಟು, ಯಾರಿಗೂ ಹೇಳದೆ ಒಬ್ಬಳೇ ಹೋದಳು.

ಅದೇ ಕತ್ತಲ ಕೋಣೆ. ಮಂಚದ ಮೇಲೆ ಮಲಗುವ ಮೊದಲು ಕೇಳಿದಳು. "ನಮ್ಮಕ್ಕನ್ನ ನಿಮ್ಮ ಲೆಕ್ಕದಲ್ಲಿ ಇಟ್ಕೊಂಡಿದೀರಾ, ಹೊಡೆದು ಹಾಕಿದೀರಾ?"

"ಇಟ್ಕೊಂಡಿದೀವಿ" ಎಂದಳು ಡಾಕ್ಟರಮ್ಮ. "ಏನಾಯ್ತು ಅನ್ನೋದನ್ನೂ ಬರೆದಿದೀವಿ."

ತಂಗಿ ವಾಚು ಬಿಚ್ಚಿ ಮಲಗಿದಳು. ಪಟ್ಟಿ ಬಿಗಿಯಿತು, ಕೈ ಜೋಮು ಹಿಡಿಯಿತು, ಆಮೇಲೆ ಸಡಿಲವಾಯಿತು. ಬಿಸಿಯಾದ ರಕ್ತ ಬೆರಳ ತುದಿಯ ತನಕ ನುಗ್ಗಿತು. ಪರದೆಯ ಮೇಲೆ ಎರಡು ಗೆರೆಗಳು ಒಂದರಿಂದ ಒಂದು ದೂರ ಸರಿದವು, ಹಿಂದಿನಷ್ಟಲ್ಲ, ಆದರೂ ಚೆನ್ನಾಗಿಯೇ. "ಇನ್ನೂ ತೆರೀತಿದೆ" ಎಂದಳು ಡಾಕ್ಟರಮ್ಮ, ದನಿಯಲ್ಲಿ ಸಂತೋಷವನ್ನು ಅಡಗಿಸಿಕೊಳ್ಳಲಾಗದೆ.

ತಂಗಿ ಗೋಡೆಯ ಕಡೆ ಮುಖ ಮಾಡಿದಳು. ಎದೆ ಬಿಕ್ಕಿ ಬಿಕ್ಕಿ ಏಳುತ್ತಿತ್ತು.

"ಅಲುಗಾಡಬೇಡಿ ಅಮ್ಮ, ಚಿತ್ರ ಕಲಸಿಹೋಗುತ್ತೆ. ಇನ್ನು ಸ್ವಲ್ಪ."

ಅವಳು ತುಟಿ ಕಚ್ಚಿ ಹಿಡಿದಳು, ಮುಗಿಯುವ ತನಕ ಕೈ ಅಲುಗಿಸಲಿಲ್ಲ. ಮುಗಿದ ಮೇಲೆ ಜೆಲ್ಲು ಒರೆಸಿಕೊಂಡು, ವಾಚು ಕಟ್ಟಿಕೊಂಡು, ಹೋಗ್ತೀನಿ ಎಂದಷ್ಟೇ ಹೇಳಿ ಹೊರಗೆ ಬಂದಳು. ಬಸ್ಸು ಎದುರಿಗೇ ನಿಂತಿತ್ತು. ಹತ್ತಲಿಲ್ಲ. ಬಿಸಿಲಿನಲ್ಲಿ, ಬೇಗ ಬೇಗ, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೇನೋ ಎನ್ನುವ ಹಾಗೆ ಮನೆಯ ಕಡೆ ನಡೆದಳು. ಉಸಿರು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಅದೇ ಅವಳಿಗೆ ತಡೆಯಲಾಗದ ಸಂಕಟವಾಗಿತ್ತು.